ಬೂಷ್ಟು ಹಿಡಿದ ಮೇವಿನಿಂದ ಬಂದ ಮಾತ್ರೆ

1920ರ ದಶಕದ ಆರಂಭದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಬಯಲುಸೀಮೆಯ ರೈತರಿಗೆ ದಿಕ್ಕು ತೋಚದಂಥ ಕಷ್ಟವೊಂದು ಬಂತು. ಕೊಂಬು ಕೊಯ್ಯಿಸಿದ ಹಸುವಿನ ರಕ್ತ ನಿಲ್ಲುತ್ತಿರಲಿಲ್ಲ. ಬೀಜ ತೆಗೆಸಿದ ಹೋರಿಕರು ರಾತ್ರಿ ಕಳೆಯುವಷ್ಟರಲ್ಲಿ ರಕ್ತದ ಮಡುವಿನಲ್ಲಿ ಸತ್ತು ಬಿದ್ದಿರುತ್ತಿತ್ತು. ಕೆಲವಕ್ಕೆ ಗಾಯವೇ ಇರುತ್ತಿರಲಿಲ್ಲ, ಚರ್ಮದಡಿ, ಕೀಲುಗಳಲ್ಲಿ, ಹೊಟ್ಟೆಯೊಳಗೆ ರಕ್ತ ಸೋರಿಕೊಂಡು ನಿಂತಲ್ಲೇ ಕುಸಿಯುತ್ತಿದ್ದವು. ಸೋಂಕಿನ ಕುರುಹಿಲ್ಲ, ಜ್ವರವಿಲ್ಲ.

ಕಾರಣವನ್ನು ಮೊದಲು ಹಿಡಿದವರು ಕೆನಡಾದ ಒಂಟಾರಿಯೊ ಪಶುವೈದ್ಯ ಕಾಲೇಜಿನ ಫ್ರ್ಯಾಂಕ್ ಸ್ಕೋಫೀಲ್ಡ್. ಆ ಸೀಮೆಯ ರೈತರು ಯುರೋಪಿನಿಂದ ಬಂದ ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡವನ್ನು ಬೆಳೆಯತೊಡಗಿದ್ದರು. ಬಡ ನೆಲದಲ್ಲೂ ಬರುತ್ತದೆ, ಒಣಗಿಸಿ ಬಣವೆ ಒಟ್ಟಿದರೆ ಚಳಿಗಾಲಕ್ಕೆ ಆಗುತ್ತದೆ. ಆದರೆ ಮಳೆ ಹೆಚ್ಚಾದ ವರ್ಷ ಮೇವು ಸರಿಯಾಗಿ ಒಣಗದೆ ಬೂಷ್ಟು ಹಿಡಿಯುತ್ತಿತ್ತು. ಸ್ಕೋಫೀಲ್ಡ್ ಒಂದೇ ಬಣವೆಯಿಂದ ಒಳ್ಳೆಯ ಕಡ್ಡಿಗಳನ್ನೂ ಕೆಟ್ಟ ಕಡ್ಡಿಗಳನ್ನೂ ಬೇರೆ ಬೇರೆ ಆರಿಸಿ ಮೊಲಗಳಿಗೆ ಹಾಕಿದರು. ಒಳ್ಳೆಯದನ್ನು ತಿಂದ ಮೊಲಕ್ಕೆ ಏನೂ ಆಗಲಿಲ್ಲ, ಕೆಟ್ಟದ್ದನ್ನು ತಿಂದದ್ದು ರಕ್ತಸ್ರಾವದಿಂದ ಸತ್ತಿತು. (ಈ ಸ್ಕೋಫೀಲ್ಡ್ ಅದಕ್ಕೂ ಮೊದಲು ಕೊರಿಯಾದಲ್ಲಿ ಮೇಷ್ಟ್ರಾಗಿದ್ದವರು. 1919ರಲ್ಲಿ ಜಪಾನಿ ಆಳ್ವಿಕೆಯ ವಿರುದ್ಧ ಎದ್ದ ಜನರ ಫೋಟೊ ತೆಗೆದು ಹೊರಜಗತ್ತಿಗೆ ಮುಟ್ಟಿಸಿದವರು. ಅವರ ಸಮಾಧಿ ಇರುವುದು ಸೋಲ್‌ನ ರಾಷ್ಟ್ರೀಯ ಸ್ಮಶಾನದಲ್ಲಿ.) ನಾರ್ತ್ ಡಕೋಟದ ಪಶುವೈದ್ಯ ಲೀ ರೋಡೆರಿಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಈ ದನಗಳ ರಕ್ತದಲ್ಲಿ ಹೆಪ್ಪುಗಟ್ಟಲು ಬೇಕಾದ ಪ್ರೋಥ್ರಾಂಬಿನ್ ಎಂಬ ಪ್ರೋಟೀನು ಕೆಲಸಕ್ಕೆ ಬಾರದಂತಾಗಿದೆ ಎಂದು ತೋರಿಸಿದರು. ಪರಿಹಾರವೂ ತಿಳಿದಿತ್ತು: ಆ ಮೇವು ನಿಲ್ಲಿಸುವುದು, ಗಟ್ಟಿಯಾಗಿರುವ ದನದ ರಕ್ತವನ್ನು ಕಾಯಿಲೆಯ ದನಕ್ಕೆ ಕೊಡುವುದು. ಮೇವಿನಲ್ಲಿರುವ ವಸ್ತು ಯಾವುದು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮೇವು ನಿಲ್ಲಿಸಿ ಎನ್ನುವುದು ಸುಲಭ. ಮುಂದೆ ಬಂದ ಆರ್ಥಿಕ ಮಹಾಕುಸಿತದ ದಿನಗಳಲ್ಲಿ ಬೇರೆ ಮೇವು ಕೊಳ್ಳಲು ಕಾಸೆಲ್ಲಿಂದ ತರಬೇಕು?

1933ರ ಫೆಬ್ರುವರಿಯ ಒಂದು ಶನಿವಾರ. ವಿಸ್ಕಾನ್ಸಿನ್ ರಾಜ್ಯದ ಡಿಯರ್ ಪಾರ್ಕ್ ಕಡೆಯ ರೈತ ಎಡ್ ಕಾರ್ಲ್ಸನ್ ಹಿಮಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಲಾರಿ ಓಡಿಸಿಕೊಂಡು ಮ್ಯಾಡಿಸನ್ ನಗರಕ್ಕೆ ಬಂದರು. ಲಾರಿಯಲ್ಲಿ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಸುಮಾರು 45 ಕಿಲೋ ಕೆಟ್ಟ ಮೇವು. ಅವರು ಹುಡುಕಿಕೊಂಡು ಬಂದದ್ದು ರಾಜ್ಯದ ಪಶುವೈದ್ಯರನ್ನು. ಶನಿವಾರವಾದ್ದರಿಂದ ಆ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದು ಕಂಡದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗ. ಒಳಗಿದ್ದವರು ಪ್ರಾಧ್ಯಾಪಕ ಕಾರ್ಲ್ ಪಾಲ್ ಲಿಂಕ್ ಮತ್ತು ಅವರ ಹಿರಿಯ ವಿದ್ಯಾರ್ಥಿ ಶೋಫೆಲ್.

ಲಿಂಕ್ ಹೇಳಬಹುದಾಗಿದ್ದದ್ದು ಹಳೆಯ ಉತ್ತರವನ್ನೇ: ಮೇವು ಬದಲಿಸಿ, ಸಾಧ್ಯವಾದರೆ ರಕ್ತ ಕೊಡಿಸಿ. ಕಾರ್ಲ್ಸನ್ ಅದೇ ಹಿಮದಲ್ಲಿ ಮನೆಗೆ ಹೊರಟರು. ಕ್ಯಾನು ಮತ್ತು ಮೇವು ಪ್ರಯೋಗಾಲಯದಲ್ಲೇ ಉಳಿದವು. ಆ ಸಂಜೆ ಶೋಫೆಲ್ ರಕ್ತದಲ್ಲಿ ಕೈಯದ್ದಿ ಗಯಟೆಯ, ಶೇಕ್ಸ್‌ಪಿಯರನ ಸಾಲುಗಳನ್ನು ಗಟ್ಟಿಯಾಗಿ ಹೇಳುತ್ತ ತಿರುಗಾಡಿದರೆಂದು ಲಿಂಕ್ 1959ರಲ್ಲಿ ಬರೆದ ನೆನಪಿನ ಲೇಖನದಲ್ಲಿ ಹೇಳಿದ್ದಾರೆ. ರೈತನೊಬ್ಬ ಅಷ್ಟು ದೂರದಿಂದ ಬಂದು ಬರಿಗೈಲಿ ಹೋದದ್ದು ಇಬ್ಬರನ್ನೂ ತಟ್ಟಿತ್ತು.

ಈ ಕತೆಯನ್ನು ಬರೀ ಆಕಸ್ಮಿಕವೆಂದು ಹೇಳುವ ರೂಢಿಯಿದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಅದೇ ವಿಶ್ವವಿದ್ಯಾಲಯದ ತಳಿವಿಜ್ಞಾನಿಗಳಾದ ಬ್ರಿಂಕ್ ಮತ್ತು ಸ್ಮಿತ್ ಕಹಿಯಿಲ್ಲದ ಸ್ವೀಟ್ ಕ್ಲೋವರ್ ತಳಿ ಬೆಳೆಸಲು ಹೊರಟು, ಕೆಲವೇ ವಾರಗಳ ಹಿಂದೆ ಲಿಂಕ್ ಅವರ ನೆರವು ಕೇಳಿದ್ದರು. ಆ ಗಿಡದ ಕಹಿಗೂ ಹೊಸ ಹುಲ್ಲಿನಂಥ ಪರಿಮಳಕ್ಕೂ ಕಾರಣ ಕೂಮರಿನ್ ಎಂಬ ವಸ್ತು. ಹಾಗಾಗಿ ಕಾರ್ಲ್ಸನ್ ತಂದದ್ದು ಆ ಕೋಣೆಗೆ ಪೂರಾ ಅಪರಿಚಿತವಾದ ಪ್ರಶ್ನೆಯಲ್ಲ. ರಾಜ್ಯದ ರೈತರಿಗೆ ಉತ್ತರ ಹೇಳುವುದು ತನ್ನ ಕೆಲಸ ಎಂದು ನಂಬಿದ್ದ ವಿಶ್ವವಿದ್ಯಾಲಯ ಅದು. ಅಂಥ ಕಡೆ ಮಾತ್ರ ಹೀಗೆ ಬಾಗಿಲು ತಟ್ಟುವ ಧೈರ್ಯ ರೈತನಿಗೆ ಬರುತ್ತದೆ.

ಉತ್ತರ ಹೇಳಲು ದುಡ್ಡೂ ಬೇಕು. ಅದು ಬಂದದ್ದು ಇನ್ನೊಂದು ಆವಿಷ್ಕಾರದಿಂದ.

ಇದೇ ವಿಶ್ವವಿದ್ಯಾಲಯದ ಸ್ಟೀಫನ್ ಬಾಬ್‌ಕಾಕ್ 1890ರಲ್ಲಿ ಹಾಲಿನಲ್ಲಿರುವ ಕೊಬ್ಬನ್ನು ಅಳೆಯುವ ಸರಳ ಪರೀಕ್ಷೆ ಕೊಟ್ಟರು. ಇವತ್ತು ನಮ್ಮ ಹಳ್ಳಿಯ ಡೇರಿಗಳಲ್ಲಿ ಫ್ಯಾಟ್ ನೋಡಿ ಹಾಲಿಗೆ ದರ ಕಟ್ಟುವ ಪದ್ಧತಿಯ ಹಿಂದೆ ಇರುವುದು ಇಂಥದೇ ಯೋಚನೆ. ಬಾಬ್‌ಕಾಕ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟರು. ಪರಿಣಾಮವಾಗಿ ಯಾರು ಯಾರೋ ಕಳಪೆ ಉಪಕರಣ ಮಾಡಿ ಮಾರಿದರು. ಅದನ್ನು ಬಲ್ಲ, ಅದೇ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್ 1923ರಲ್ಲಿ ಆಹಾರಕ್ಕೆ ಅತಿನೇರಳೆ ಬೆಳಕು ಹಾಯಿಸಿದರೆ ಅದರಲ್ಲಿ ವಿಟಮಿನ್ ಡಿ ಹೆಚ್ಚುತ್ತದೆ, ಮಕ್ಕಳ ಮೂಳೆ ಸೊಟ್ಟಗಾಗುವ ರಿಕೆಟ್ಸ್ ಕಾಯಿಲೆ ತಡೆಯಬಹುದು ಎಂದು ಕಂಡುಕೊಂಡಾಗ ಬೇರೆ ದಾರಿ ಹಿಡಿದರು. ತಮ್ಮ ಕೈಯಿಂದ 300 ಡಾಲರ್ ಹಾಕಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಕ್ವೇಕರ್ ಓಟ್ಸ್ ಕಂಪನಿ ಹತ್ತು ಲಕ್ಷ ಡಾಲರಿನ ಆಸುಪಾಸಿನ ಮೊತ್ತ ಮುಂದಿಟ್ಟಿತು. ಅವರು ಮಾರಲಿಲ್ಲ. ಬದಲಿಗೆ 1925ರಲ್ಲಿ ವಿಶ್ವವಿದ್ಯಾಲಯದ ಒಂಬತ್ತು ಮಂದಿ ಹಳೆಯ ವಿದ್ಯಾರ್ಥಿಗಳು ತಲಾ 100 ಡಾಲರ್ ಹಾಕಿ ಒಂದು ಪ್ರತಿಷ್ಠಾನ ಕಟ್ಟಿದರು: ವಿಸ್ಕಾನ್ಸಿನ್ ಅಲುಮ್ನೈ ರಿಸರ್ಚ್ ಫೌಂಡೇಶನ್, ಚಿಕ್ಕದಾಗಿ ವಾರ್ಫ್. ಪೇಟೆಂಟ್ ಅದರ ಕೈಯಲ್ಲಿ, ಬಂದ ಹಣ ಮತ್ತೆ ಸಂಶೋಧನೆಗೆ. ವಿಶ್ವವಿದ್ಯಾಲಯದ ಆವಿಷ್ಕಾರವನ್ನು ಹೀಗೆ ನೋಡಿಕೊಳ್ಳುವ ವ್ಯವಸ್ಥೆಗೆ ಆಗ ಮಾದರಿಗಳೇ ಅಪರೂಪ.

ಈ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ. ಆದರೆ ಅದರ ಮೇಲಿರುವ ಕಲೆಯನ್ನೂ ಹೇಳಲೇಬೇಕು. ಬೆಣ್ಣೆಯ ಬದಲು ಬಡವರು ಕೊಳ್ಳುತ್ತಿದ್ದ ಮಾರ್ಗರಿನ್ ತಯಾರಕರಿಗೆ ವಾರ್ಫ್ ವಿಟಮಿನ್ ಡಿ ಪರವಾನಗಿ ಕೊಡಲಿಲ್ಲ. ವಿಸ್ಕಾನ್ಸಿನ್ ಹಾಲು-ಬೆಣ್ಣೆಯ ರಾಜ್ಯ, ಅಲ್ಲಿನ ಡೇರಿಯವರಿಗೆ ಪೆಟ್ಟು ಬೀಳಬಾರದು ಎಂಬ ಲೆಕ್ಕ. ರಿಕೆಟ್ಸ್ ಹೆಚ್ಚು ಕಾಡುತ್ತಿದ್ದದ್ದು ಮಾರ್ಗರಿನ್ ತಿನ್ನುವ ಮನೆಯ ಮಕ್ಕಳನ್ನೇ. 1940ರ ದಶಕದ ನಡುವೆ ಮೇಲ್ಮನವಿ ನ್ಯಾಯಾಲಯ ಈ ಪೇಟೆಂಟುಗಳನ್ನು ಅಸಿಂಧುಗೊಳಿಸಿತು. ಸೂರ್ಯನ ಬೆಳಕು ಮೊದಲಿನಿಂದಲೂ ಮಾಡುತ್ತಿರುವ ಕೆಲಸ ಇದಲ್ಲವೇ ಎಂದು ಕೇಳಿದ್ದಲ್ಲದೆ, ಬಡವರ ಆಹಾರಕ್ಕೆ ಪರವಾನಗಿ ನಿರಾಕರಿಸಿದ್ದನ್ನೂ ಎತ್ತಿ ಆಡಿತು. ಜನರ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಇಂಥ ನಿರಾಕರಣೆ ನಡೆಯಬಾರದಿತ್ತು.

ಆ ತೀರ್ಪು ಬರುವುದಕ್ಕೆ ಮೊದಲಿನ ವರ್ಷಗಳಲ್ಲಿ, ಮಹಾಕುಸಿತದ ನಡುವೆಯೂ ವಿಸ್ಕಾನ್ಸಿನ್ ವಿಜ್ಞಾನಿಗಳ ಕೈಗೆ ಕೆಲಸ ಕೊಟ್ಟದ್ದು ವಿಟಮಿನ್ ಡಿ ಹಣವೇ. ಲಿಂಕ್ ಅವರ ತಂಡಕ್ಕೆ ಬೇಕಾಗಿದ್ದದ್ದೂ ಮುಖ್ಯವಾಗಿ ಕಾಲಾವಕಾಶ. ಕೆಟ್ಟ ಮೇವಿನಲ್ಲಿ ನೂರಾರು ವಸ್ತುಗಳಿರುತ್ತವೆ. ಒಂದೊಂದು ಸಾರವನ್ನು ಬೇರ್ಪಡಿಸಿ ಮೊಲಕ್ಕೆ ಕೊಡಬೇಕು, ಅದರ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ನೋಡಬೇಕು, ಪರಿಣಾಮ ಕಾಣದ ಭಾಗವನ್ನು ಚೆಲ್ಲಿ ಮುಂದೆ ಹೋಗಬೇಕು. ಒಂದು ಮೊಲದಂತೆ ಇನ್ನೊಂದಿರುವುದಿಲ್ಲ. ನಂಬಬಹುದಾದ ಅಳತೆಯ ಕ್ರಮವೊಂದು ಕೈಗೆ ಬರುವುದಕ್ಕೇ ವರ್ಷಗಳು ಹಿಡಿದವು.

1939ರ ಜೂನ್ 28ರ ಬೆಳಗಿನ ಜಾವ, ರಾತ್ರಿಯಿಡೀ ಎಚ್ಚರವಿದ್ದ ಲಿಂಕ್ ತಂಡದ ಹೆರಾಲ್ಡ್ ಕ್ಯಾಂಪ್‌ಬೆಲ್ ಸೂಕ್ಷ್ಮದರ್ಶಕದಡಿ ಶುದ್ಧ ಹರಳುಗಳನ್ನು ಕಂಡರು. ಸಿಕ್ಕದ್ದು 6 ಮಿಲಿಗ್ರಾಂ. ಕ್ಯಾಂಪ್‌ಬೆಲ್ ಎಂಥ ಮನುಷ್ಯ ಎಂದರೆ, ಪರೀಕ್ಷಿಸಿ ಖಚಿತ ಮಾಡಿಕೊಳ್ಳುವವರೆಗೆ ಎರಡು ದಿನ ಗುರುವಿಗೂ ಹೇಳಲಿಲ್ಲ. ಮಾರ್ಕ್ ಸ್ಟಾಹ್‌ಮನ್ ಅದೇ ವಸ್ತುವನ್ನು ಹೆಚ್ಚಿನ ಪ್ರಮಾಣದಲ್ಲಿ ತೆಗೆದರು. ಚಾರ್ಲ್ಸ್ ಹ್ಯೂಬ್ನರ್ ಜೊತೆ ಸೇರಿ ಅದರ ರಚನೆ ಬಿಡಿಸಿ, 1940ರ ಏಪ್ರಿಲ್ 1ರಂದು ಪ್ರಯೋಗಾಲಯದಲ್ಲೇ ಅದನ್ನು ತಯಾರಿಸಿ ತೋರಿಸಿದರು. ಗುಟ್ಟು ಬಯಲಾಯಿತು. ಗಿಡದಲ್ಲಿರುವ ಕೂಮರಿನ್ ರಕ್ತಕ್ಕೆ ಏನೂ ಮಾಡುವುದಿಲ್ಲ. ಬೂಷ್ಟು ಬೆಳೆಯುವಾಗ ಅದು ಮಾರ್ಪಟ್ಟು, ಎರಡೆರಡು ಅಣುಗಳು ನಡುವೆ ಒಂದು ಇಂಗಾಲದ ಕೊಂಡಿಯಿಂದ ಜೋಡಿಯಾಗುತ್ತವೆ. ಹಾಗೆ ಹುಟ್ಟುವುದು ಡೈಕೂಮರಾಲ್. ಹಸುಗಳನ್ನು ಕೊಂದದ್ದು ಇದು.

ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಕೊಟ್ಟಿಗೆಯಲ್ಲಿ ವಿಷ, ಆಸ್ಪತ್ರೆಯಲ್ಲಿ ಬೇಕಾದ ಔಷಧ. ಕಾಲಿನ ಸಿರೆಯಲ್ಲಿ ಕಟ್ಟಿದ ಹೆಪ್ಪು ಜಾರಿ ಶ್ವಾಸಕೋಶ ಮುಚ್ಚಿದರೆ ಮನುಷ್ಯ ಉಳಿಯುವುದು ಕಷ್ಟ. ಆಗ ಇದ್ದ ಹೆಪಾರಿನ್ ದುಬಾರಿ, ಸೂಜಿಯಲ್ಲೇ ಕೊಡಬೇಕು. ಡೈಕೂಮರಾಲ್ ಬಾಯಲ್ಲಿ ನುಂಗುವಂಥದು. 1941ರಲ್ಲಿ ಅದರ ಪೇಟೆಂಟ್ ವಾರ್ಫ್‌ಗೆ ಸೇರಿತು, ಅದೇ ವರ್ಷ ಮೇಯೊ ಕ್ಲಿನಿಕ್ಕಿನಲ್ಲೂ ವಿಸ್ಕಾನ್ಸಿನ್‌ನಲ್ಲೂ ರೋಗಿಗಳ ಮೇಲೆ ಪ್ರಯೋಗ ಶುರುವಾಯಿತು.

1945ರಲ್ಲಿ ಎದೆಯ ಕಾಯಿಲೆಯಿಂದ ಸ್ಯಾನಟೋರಿಯಂ ಸೇರಿದ ಲಿಂಕ್ ಮಲಗಿದಲ್ಲೇ ಇಲಿ ನಿಗ್ರಹದ ಚರಿತ್ರೆ ಓದಿದರು. ಇಲಿ ಜಾಣ ಪ್ರಾಣಿ. ತಿಂದ ಕೂಡಲೇ ಸಂಕಟವಾದರೆ ಆ ತಿನಿಸನ್ನು ಮತ್ತೆ ಮುಟ್ಟುವುದಿಲ್ಲ. ಇಲಿ ಪಾಷಾಣ ಇಟ್ಟು ನೋಡಿದ ಮನೆಯವರಿಗೆಲ್ಲ ಇದು ಗೊತ್ತು. ಕೂಮರಿನ್ ಕುಲದ ವಸ್ತು ಕೆಲಸ ಮಾಡುವುದಕ್ಕೆ ಕೆಲವು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಇಲಿ ಅನುಮಾನ ಪಡದೆ ತಿನ್ನುತ್ತಲೇ ಇರುತ್ತದೆ. ಪ್ರಯೋಗಾಲಯದಲ್ಲಿ ತಯಾರಾಗಿದ್ದ ಸುಮಾರು 150 ಸಂಯುಕ್ತಗಳ ಪಟ್ಟಿಯಲ್ಲಿ 42ನೆಯದು ಎಲ್ಲಕ್ಕಿಂತ ಬಲವಾಗಿತ್ತು. ಅದರ ಪೇಟೆಂಟ್ 1947ರಲ್ಲಿ ಸ್ಟಾಹ್‌ಮನ್, ಮಿಯೋಶಿ ಇಕಾವಾ, ಲಿಂಕ್ ಮೂವರ ಹೆಸರಿನಲ್ಲಿ ಆಯಿತು. ಪ್ರತಿಷ್ಠಾನದ ಹೆಸರಿಗೆ ಕೂಮರಿನ್‌ನ ಬಾಲ ಸೇರಿಸಿ ವಾರ್ಫರಿನ್ ಎಂದು ಕರೆದರು. 1948ರಿಂದ ಅದು ಇಲಿ ಪಾಷಾಣವಾಗಿ ಮಾರುಕಟ್ಟೆಯಲ್ಲಿತ್ತು.

ಇಲಿ ಪಾಷಾಣವನ್ನು ಮನುಷ್ಯರಿಗೆ ಕೊಡಲು ಯಾವ ವೈದ್ಯರು ಮುಂದೆ ಬಂದಾರು? 1951ರಲ್ಲಿ ಅಮೆರಿಕದ ಸೇನೆಗೆ ಹೊಸದಾಗಿ ಸೇರಿದ ಒಬ್ಬ ಯುವಕ ಸಾಯಲೆಂದೇ ದಿನಗಟ್ಟಲೆ ಅದನ್ನು ತಿಂದ. ಆಸ್ಪತ್ರೆಯಲ್ಲಿ ವಿಟಮಿನ್ ಕೆ ಮತ್ತು ರಕ್ತ ಕೊಟ್ಟರು, ಪೂರ್ತಿ ಚೇತರಿಸಿಕೊಂಡ. ಡೈಕೂಮರಾಲ್‌ಗೆ ವಿಟಮಿನ್ ಕೆ ಮದ್ದಾಗುತ್ತದೆ ಎಂದು ಲಿಂಕ್ ತಂಡ ಮೊದಲೇ ಕಂಡಿತ್ತು. ಆ ಯುವಕ ಉಳಿದದ್ದು ವೈದ್ಯರ ಹೆದರಿಕೆಯನ್ನು ಕಳೆಯಿತು. 1954ರಲ್ಲಿ ವಾರ್ಫರಿನ್‌ಗೆ ಔಷಧವಾಗಿ ಒಪ್ಪಿಗೆ ಸಿಕ್ಕಿತು. 1955ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಐಸನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಕೊಟ್ಟ ಔಷಧಗಳಲ್ಲಿ ಇದೂ ಒಂದು.

ಔಷಧ ಬಳಕೆಗೆ ಬಂದು ಎರಡು ದಶಕ ಕಳೆದ ಮೇಲೆ ಅದು ಕೆಲಸ ಮಾಡುವ ಬಗೆ ತಿಳಿಯಿತು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹದಗೊಳಿಸಲು ಯಕೃತ್ತು ವಿಟಮಿನ್ ಕೆ ಬಳಸುತ್ತದೆ. ಬಳಸಿ ಮುಗಿದ ವಿಟಮಿನನ್ನು ಒಂದು ಕಿಣ್ವ ಮತ್ತೆ ಸರಿಪಡಿಸಿ ಕೊಡುತ್ತಿರುತ್ತದೆ. ವಾರ್ಫರಿನ್ ಆ ಕಿಣ್ವವನ್ನು ತಡೆಯುತ್ತದೆ. ಮೊದಲೇ ತಯಾರಾಗಿ ರಕ್ತದಲ್ಲಿರುವ ಪ್ರೋಟೀನು ಖರ್ಚಾಗುವವರೆಗೆ ಏನೂ ಕಾಣುವುದಿಲ್ಲ. ಇಲಿಗೆ ಅನುಮಾನ ಬರದಿರುವುದಕ್ಕೂ, ರೋಗಿಗೆ ಮಾತ್ರೆ ನಾಟಲು ದಿನಗಳು ಬೇಕಾಗುವುದಕ್ಕೂ ಕಾರಣ ಒಂದೇ. ಇದನ್ನು ಬಿಡಿಸಿದವರಲ್ಲಿ ವಿಸ್ಕಾನ್ಸಿನ್‌ನವರೇ ಆದ ಜಾನ್ ಸಟ್ಟಿ ಪ್ರಮುಖರು.

ಪೇಟೆಂಟ್ ಕಾಗದದಲ್ಲಿ ಕಾರ್ಲ್ಸನ್ ಹೆಸರಿಲ್ಲ, ಇರಲು ಸಾಧ್ಯವೂ ಇಲ್ಲ. ಪ್ರಶ್ನೆ ತಂದವರಿಗೆ ಆ ಕಾನೂನಿನಲ್ಲಿ ಜಾಗವಿಲ್ಲ. ಲಿಂಕ್ ತಮ್ಮ ಲೇಖನದಲ್ಲಿ ಆ ರೈತನ ಹೆಸರು, ಊರು, ತಂದ ಸಾಮಾನು ಎಲ್ಲವನ್ನೂ ಬಿಡದೆ ದಾಖಲಿಸಿದ್ದಾರೆ. ಆ ದೊಡ್ಡತನಕ್ಕಾಗಿ ಅವರ ಮೇಲೆ ನನಗೆ ಗೌರವ ಹೆಚ್ಚು.

ಈ ಕುಲದ ಮಾತ್ರೆಗಳು ನಮ್ಮ ಊರುಗಳಿಗೂ ಹತ್ತಿರದವು. ಚಿಕ್ಕಂದಿನ ಗಂಟಲುನೋವು, ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟವರು ನಮ್ಮಲ್ಲಿ ಬಹಳ. ಅವರಿಗಾಗಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ನೇತೃತ್ವದ ತಂಡ ಅಗ್ಗದ ಕೃತಕ ಕವಾಟ ರೂಪಿಸಿತು. ಮೂರು ಮಾದರಿಗಳು ಸೋತು ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿದರು, ತಯಾರಿಕೆ ಟಿಟಿಕೆ ಕಂಪನಿಗೆ ಹೋಯಿತು. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದು ಆ ಊರಿನವರೇ ಆದರು. ಚಿತ್ರಾ ಕವಾಟ ಹಾಕಿಸಿಕೊಂಡವರು ಜೀವನವಿಡೀ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು. ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕೊಡುವ ಅಸೆನೊಕೂಮರಾಲ್ ಕೂಡ ಕೂಮರಿನ್ ಮನೆತನದ್ದೇ. ಆಗಾಗ ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಬೇಕು, ಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳವಾಗಿರುವುದರಿಂದ ಒಂದು ವಾರ ಬಸ್ಸಾರು, ಇನ್ನೊಂದು ವಾರ ಸೊಪ್ಪೇ ಇಲ್ಲ ಎಂದು ಮಾಡದೆ ಒಂದೇ ಹದದಲ್ಲಿ ತಿನ್ನಬೇಕು. ಪರೀಕ್ಷೆಯ ಗೋಜಿಲ್ಲದ ಹೊಸ ಮಾತ್ರೆಗಳು ಬಂದು ಹದಿನೈದು ವರ್ಷದ ಮೇಲಾಯಿತು. ಕೃತಕ ಯಾಂತ್ರಿಕ ಕವಾಟ ಇರುವವರ ಮೇಲೆ ಅವನ್ನು ಪ್ರಯೋಗಿಸಿದಾಗ ಫಲಿತಾಂಶ ಕೆಟ್ಟದಾಗಿ, ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಅವರಿಗೆ ಇಂದಿಗೂ ವೈದ್ಯರು ಬರೆದುಕೊಡುವುದು ಬೂಷ್ಟು ಹಿಡಿದ ಮೇವಿನಿಂದ ಹುಟ್ಟಿದ ಈ ಹಳೆಯ ಕುಲದ ಮಾತ್ರೆಯನ್ನೇ.