ಅಂಗಡಿ ಮುಚ್ಚದೆ ಕಪಾಟು ಜೋಡಿಸುವುದು ಹೇಗೆ?

ಮಕ್ಕಳೇ, ರಾತ್ರಿ ಎರಡು ಗಂಟೆಗೂ ಯಾರೋ ಮೊಬೈಲಿನಲ್ಲಿ ಹಣ ಕಳಿಸುತ್ತಿರುತ್ತಾರೆ, ಇನ್ಯಾರೋ ಆಸ್ಪತ್ರೆಯಲ್ಲಿ ಹೆಸರು ಬರೆಸುತ್ತಿರುತ್ತಾರೆ. ಇದೆಲ್ಲ ದಾಖಲಾಗುವುದು ಡೇಟಾಬೇಸಿನಲ್ಲಿ, ಅಂದ್ರೆ ಕಂಪ್ಯೂಟರಿನೊಳಗಿನ ದೊಡ್ಡ ಲೆಕ್ಕದ ಪುಸ್ತಕದಲ್ಲಿ. ಈ ಪುಸ್ತಕಕ್ಕೆ ಭಾನುವಾರದ ರಜೆಯೂ ಇಲ್ಲ. ಹಾಗಾದ್ರೆ ಅದನ್ನು ಗುಡಿಸಿ ಒಪ್ಪ ಮಾಡುವುದು ಯಾವಾಗ?

ಮೊದಲು ಕಸ ಎಲ್ಲಿಂದ ಬರುತ್ತೆ ನೋಡೋಣ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಉಚಿತ ಡೇಟಾಬೇಸ್ ತಂತ್ರಾಂಶವಿದೆ. ಖಾತೆಯಲ್ಲಿದ್ದ 500 ರೂಪಾಯಿ 450 ಆದರೆ ಅದು ಹಳೆಯ ಸಾಲನ್ನು ಅಳಿಸಿ ಅಲ್ಲೇ ತಿದ್ದುವುದಿಲ್ಲ. 450 ಎಂಬ ಹೊಸ ಸಾಲು ಸೇರಿಸಿ, ಹಳೆಯದನ್ನು ಹಾಗೇ ಬಿಡುತ್ತದೆ. ಯಾಕೆ? ಅಷ್ಟರಲ್ಲೇ ಓದಲು ಶುರು ಮಾಡಿದವರಿಗೆ ಲೆಕ್ಕ ನಡುವೆ ಬದಲಾಗಬಾರದು. ಅವರ ಓದು ಮುಗಿದ ಮೇಲೆ ಆ ಸಾಲು ಯಾರಿಗೂ ಬೇಡ. ಇಂಥ 'ಸತ್ತ ಸಾಲು'ಗಳು 8 ಕಿಲೋಬೈಟಿನ ಪುಟಗಳಲ್ಲಿ ತುಂಬಿಕೊಂಡರೆ, ಹತ್ತು ಪುಟ ತಿರುವುವ ಕಡೆ ನೂರು ಪುಟ ತಿರುವಬೇಕು. ಕೆಲಸ ನಿಧಾನವಾಗುತ್ತೆ.

ಇದಕ್ಕೆ 'ವ್ಯಾಕ್ಯೂಮ್' ಎಂಬ ಆದೇಶವಿದೆ. ಸತ್ತ ಸಾಲುಗಳ ಜಾಗವನ್ನು ಅದು 'ಖಾಲಿ' ಎಂದು ಗುರುತಿಸುತ್ತದೆ. ಹೊಸ ಸಾಲುಗಳು ಅಲ್ಲಿ ಬಂದು ಕೂರುತ್ತವೆ. ಆ ಹೊತ್ತಿನಲ್ಲೂ ಓದು, ಬರಹ ನಿಲ್ಲುವುದಿಲ್ಲ. ಆದರೆ ಫೈಲಿನ ಗಾತ್ರ ಸಾಮಾನ್ಯವಾಗಿ ಇಳಿಯಲ್ಲ. ಗಾತ್ರ ಇಳಿಸಬೇಕಾದರೆ 'ವ್ಯಾಕ್ಯೂಮ್ ಫುಲ್' ಇದೆ. ಅದು ಇಡೀ ಕೋಷ್ಟಕವನ್ನು ಹೊಸದಾಗಿ ಬರೆಯುತ್ತದೆ. ಮುಗಿಯುವವರೆಗೆ ಆ ಕೋಷ್ಟಕಕ್ಕೆ ಬೀಗ! ಆಸ್ಪತ್ರೆಯ ರೋಗಿಗಳ ಕೋಷ್ಟಕಕ್ಕೇ ಅರ್ಧ ಗಂಟೆ ಬೀಗ ಬಿದ್ದರೆ, ತುರ್ತು ವಿಭಾಗದ ವೈದ್ಯರು ರಕ್ತದ ಗುಂಪು ನೋಡುವುದು ಹೇಗೆ?

ಪಠ್ಯಪುಸ್ತಕದ ಕೊನೆಯ ಪದಸೂಚಿಯಂತೆ ಡೇಟಾಬೇಸಿಗೂ 'ಇಂಡೆಕ್ಸ್' ಇರುತ್ತದೆ. ಅದೂ ಕೆಡುತ್ತಾ ಹೋಗುತ್ತೆ. ಅದನ್ನು ಬೀಗ ಹಾಕದೇ ಹೊಸದಾಗಿ ಕಟ್ಟುವ ಸೌಲಭ್ಯ 2019ರಲ್ಲಿ ಬಂದ 12ನೇ ಆವೃತ್ತಿಯಲ್ಲಿ ಸೇರಿತು. ಕ್ರಮ ಹೀಗಿದೆ:

1. ಹಳೆಯ ಇಂಡೆಕ್ಸ್ ಕೆಲಸ ಮಾಡುತ್ತಿರುವಾಗಲೇ ಪಕ್ಕದಲ್ಲಿ ಹೊಸದನ್ನು ಕಟ್ಟುವುದು.
2. ಕಟ್ಟುವಾಗ ಆದ ಬದಲಾವಣೆಗಳನ್ನು ಇನ್ನೊಮ್ಮೆ ನೋಡಿ ಸೇರಿಸುವುದು.
3. ಹೆಸರು ಅದಲು ಬದಲು ಮಾಡಿ, ಹಳೆಯದನ್ನು ತೆಗೆಯುವುದು.

ಬಿಟ್ಟಿ ಏನೂ ಅಲ್ಲ. ಸ್ವಲ್ಪ ಹೊತ್ತು ಎರಡು ಇಂಡೆಕ್ಸಿಗೂ ಜಾಗ ಬೇಕು, ಸಮಯವೂ ಜಾಸ್ತಿ ಹಿಡಿಯುತ್ತೆ. ಆದರೆ ಜನರ ಕೆಲಸ ನಿಲ್ಲಲ್ಲ.

ಯೋಚಿಸಿ ಬರೆಯಿರಿ: ಒಬ್ಬರು ಓದಲು ಕೂತು ಮೂರು ಗಂಟೆಯಾದರೂ ಏಳದಿದ್ದರೆ, ಅಷ್ಟರಲ್ಲಿ ಸತ್ತ ಸಾಲುಗಳನ್ನು ವ್ಯಾಕ್ಯೂಮ್ ತೆಗೆಯಬಹುದೇ? ಕಾರಣ ಕೊಡಿ.