ಎರಡು ಗುಡಿ, ಒಂದು ನೆರಳು

ಅರಸೀಕೆರೆಯಲ್ಲಿ ಬೆಳಗಿನ ಬಸ್ಸು ಹತ್ತಿ, ಬಾಣಾವರ, ಜಾವಗಲ್ಲು ದಾಟಿ ಹಳೇಬೀಡಿನಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಚಪ್ಪಲಿ ಬಿಟ್ಟು ಗುಡಿಯ ದಕ್ಷಿಣದ ಬಾಗಿಲು ದಾಟಿದರೆ ಅಂಗಾಲಿಗೆ ಮೊದಲು ತಾಗುವುದು ತಂಪು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಕಂಬಗಳ ಸಾಲು ಮೂಡುತ್ತದೆ. ಸಾಲಿನ ಆ ತುದಿಗೆ ಉತ್ತರ ಬಾಗಿಲಿನ ಬೆಳಕು.

ಇಲ್ಲಿರುವುದು ಎರಡು ಗುಡಿ. ಈಚೆ ಹೊಯ್ಸಳೇಶ್ವರ, ಆಚೆ ಶಾಂತಲೇಶ್ವರ. ಎರಡರ ನವರಂಗಗಳನ್ನೂ ಕಲ್ಲಿನ ಚಾವಣಿ ಬೆಸೆದಿದೆ. ಕೆಳಗೆ ಹೊಳೆ ಹರಿಯದ ಸೂರಿನ ಸೇತುವೆ ಇದು. ಎಂಥ ಮಳೆಯಲ್ಲೂ ನೆನೆಯದೆ ಒಂದು ಲಿಂಗದಿಂದ ಇನ್ನೊಂದು ಲಿಂಗಕ್ಕೆ ನಡೆದುಹೋಗಬಹುದು.

ಕಂಬವೊಂದರ ಬಳಿ ನಿಂತೆ. ತಿರುಗಿಸಿ ಕಡೆದ ಬಳಪದ ಕಲ್ಲು. ಬಳೆ ಪೇರಿಸಿದಂತೆ ಉಂಗುರದ ಮೇಲೆ ಉಂಗುರ, ಒಂದೊಂದರ ಅಂಚಿನಲ್ಲೂ ಬೆಳಕಿನ ಗೆರೆ. ನೆಲದಿಂದ ಎತ್ತಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲಿದು. ಇಂಥದ್ದೊಂದು ಕಂಬ ಸೋತರೆ ಏನು ಮಾಡುವುದು?

16 ಕಿ.ಮೀ. ಆಚೆಯ ಬೇಲೂರಿನವರಿಗೆ ಇದು ಹಳೆಯ ಪ್ರಶ್ನೆ. 1117ರ ಚೆನ್ನಕೇಶವ ಗುಡಿಯೊಳಗೆ ವಿಜಯನಗರದ ಕಾಲದಲ್ಲಿ, 1381ರಲ್ಲಿ, ನಾಲ್ಕು ಕಂಬ ನಿಲ್ಲಿಸಿದರು. ಬಳಪದ ಕಲ್ಲಿನವಲ್ಲ, ಕಗ್ಗಲ್ಲಿನವು. ಗರ್ಭಗುಡಿಯ ಮೇಲಿದ್ದ ಮರ, ಇಟ್ಟಿಗೆ, ಗಾರೆಯ ಗೋಪುರವನ್ನು ಮತ್ತೆ ಮತ್ತೆ ಕಟ್ಟಿದರು. ಕೊನೆಗೆ ಕೆಳಗಿನ ಗುಡಿಯನ್ನು ಕಾಯಲೆಂದೇ 1879ರಲ್ಲಿ ಇಳಿಸಿಬಿಟ್ಟರು. ಉಳಿಸಲು ಕೆಲವೊಮ್ಮೆ ಇಳಿಸಬೇಕು.

ಮತ್ತೆ ಕಟ್ಟಿ ಉಳಿಸುವುದೂ ಉಂಟು. ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ 14ನೆಯ ಶತಮಾನದ ಸೂರುಳ್ಳ ಮರದ ಸೇತುವೆಯಿದೆ. 1993ರ ಆಗಸ್ಟಿನಲ್ಲಿ ಅದರ ಬಹುಭಾಗ ಸುಟ್ಟುಹೋಯಿತು. ಮರುವರ್ಷವೇ ಹಳೆಯ ರೂಪದಲ್ಲಿ ಎದ್ದುನಿಂತಿತು. ಮರ ಮತ್ತೆ ಬೆಳೆಯುತ್ತದೆ, ಬಡಗಿಯ ಕೈ ಇದ್ದರೆ ಸೇತುವೆ ಮರಳುತ್ತದೆ. ಹೊಯ್ಸಳ ಶಿಲ್ಪಿಯ ಉಳಿಪೆಟ್ಟು ಮರಳುವುದಿಲ್ಲ. ಅದಕ್ಕೇ, ಕೆತ್ತನೆ ಅಳಿದ ಕಡೆ ಬೋಳುಕಲ್ಲನ್ನಿಟ್ಟು ಭಾರ ಹೊರಿಸುವುದೇ ಮರ್ಯಾದೆ. ‘ನಾನು ಆಮೇಲೆ ಬಂದವನು’ ಎಂದು ಆ ಕಲ್ಲು ತಾನೇ ಹೇಳಬೇಕು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಗುಡಿಗಳಿಗೆ ಬೇಕಾದದ್ದು ಅಂಥ ವಿನಯದ ಆಸರೆ.

ಅಜ್ಜಿಯೊಬ್ಬರು ಮೊಮ್ಮಗನೊಂದಿಗೆ ಒಳಗೆ ಬಂದರು. ಹುಡುಗ ಕಂಬದತ್ತ ಕೈಚಾಚಿದ.

“ಮುಟ್ಬೇಡ ಮಗ, ಕೈ ಬೆವರು ಅಂಟುತ್ತೆ.”

ಹುಡುಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹಾಗೆಯೇ, ಕಂಬಗಳ ನಡುವೆ, ಆಚೆಯ ಬೆಳಕಿನತ್ತ ನಡೆದ.