ಮೂರು ನಿಮಿಷದಲ್ಲಿ ಒಂದು ಮನೆಯ ಕಥೆ

ಕಥೆ ಹೇಳುವುದು ನಮ್ಮವರಿಗೆ ಹೊಸ ವಿದ್ಯೆಯಲ್ಲ. ಹರಿಕಥೆ, ಯಕ್ಷಗಾನ, ತೊಗಲುಗೊಂಬೆಯಾಟ, ಗಮಕ, ಇವುಗಳ ಜೊತೆಗೆ ಊಟದ ಹೊತ್ತಿಗೆ ಅಜ್ಜಿ ಹೇಳುವ ಕಾಗಕ್ಕ ಗುಬ್ಬಕ್ಕನ ಕಥೆ; ಇವೆಲ್ಲ ನಾವು ಊರು ಬಿಟ್ಟು ಬರುವಾಗ ಕೂಲಿ ಕೊಡದೆ ಹೊತ್ತು ತಂದ ಆಸ್ತಿ. ವಿಶಾಖಪಟ್ಟಣಕ್ಕೆ ನೌಕರಿಗೆಂದು ಬಂದವರಿರಲಿ, ವಿಜಯವಾಡದಲ್ಲಿ ಹೋಟೆಲು ಅಂಗಡಿ ಇಡಲು ಬಂದವರಿರಲಿ, ಈ ಆಸ್ತಿಯನ್ನು ಮಾತ್ರ ಯಾರೂ ಮರೆತು ಬಂದಿಲ್ಲ. ಅದನ್ನು ಮಕ್ಕಳ ಕೈಗೆ ದಾಟಿಸುವ ಬಗೆ ಹೇಗೆ ಎಂಬುದೇ ಈಗಿನ ಚಿಂತೆ. ಮಗು ಶಾಲೆಯಲ್ಲಿ ಇಂಗ್ಲಿಷು, ತೆಲುಗು ಓದುತ್ತದೆ. ಮನೆಯಲ್ಲಿ ಕನ್ನಡ ಆಡುತ್ತದೆ. ಕನ್ನಡ ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಮುಖ ತಿರುಗಿಸುತ್ತದೆ.

ಹೀಗಿರುವಾಗ ಒಂದು ಅನುಕೂಲವು ನಾವು ಕರೆಯದೆಯೇ ಬಾಗಿಲಿಗೆ ಬಂದಿದೆ. ಕೆಲವು ಶಾಲೆ ಕಾಲೇಜುಗಳಲ್ಲಿ ‘ಡಿಜಿಟಲ್ ಕಥನ’ ಎಂಬ ತರಗತಿ ನಡೆಯುತ್ತದೆ. ಎರಡು ಮೂರು ನಿಮಿಷದ ಒಂದು ಸ್ವಂತ ವಿಡಿಯೋ ಮಾಡಿಕೊಂಡು ಬನ್ನಿರೆಂದು ಉಪಾಧ್ಯಾಯರು ಮಕ್ಕಳಿಗೆ ಹೇಳಿ ಕಳುಹಿಸುತ್ತಾರೆ. ‘ಓದುವುದು ಬಿಟ್ಟು ಇದೇನು ಸಿನಿಮಾ ಹುಚ್ಚು?’ ಎಂದು ತಾಯಂದಿರು ಕೇಳುವುದು ಸಹಜ. ಆದರೆ ಇದು ಹುಚ್ಚಲ್ಲ. ಸರಿಯಾಗಿ ಬಳಸಿಕೊಂಡರೆ ನಮ್ಮಂಥ ಮನೆಗಳಿಗೆ ಇದರಿಂದ ಆಗುವ ಉಪಕಾರ ಬಹಳ.

ಇದರ ಹುಟ್ಟು

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1990ರ ದಶಕದ ಮೊದಲಲ್ಲಿ ಡಾನಾ ಆಚ್ಲಿ ಎಂಬ ಕಲಾವಿದರು ತಮ್ಮ ಬಾಳಿನ ಕಥೆಗಳನ್ನು ಹಳೆಯ ಫೋಟೋ, ವಿಡಿಯೋಗಳೊಡನೆ ರಂಗದ ಮೇಲೆ ಹೇಳುತ್ತಿದ್ದರು. ರಂಗಭೂಮಿಯ ಜೋ ಲ್ಯಾಂಬರ್ಟ್ ಮೊದಲಾದವರು ಅವರೊಡನೆ ಸೇರಿ, ಕಲಾವಿದರಲ್ಲದ ಸಾಮಾನ್ಯ ಜನರಿಗೂ ಈ ವಿದ್ಯೆಯನ್ನು ಕಲಿಸಲು 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಕೇಂದ್ರ ತೆರೆದರು. ಮುಂದೆ 2001ರಿಂದ 2008ರವರೆಗೆ ಬಿಬಿಸಿಯು ವೇಲ್ಸ್ ನಾಡಿನಲ್ಲಿ ಊರೂರಿಗೆ ಹೋಗಿ ಇಂಥ ತರಗತಿಗಳನ್ನು ನಡೆಸಿತು. ಅಲ್ಲಿ ಇಂಗ್ಲಿಷಿನ ಜೊತೆಗೆ ವೆಲ್ಷ್ ಭಾಷೆಯಲ್ಲೂ ಜನರು ತಮ್ಮ ಕಥೆಗಳನ್ನು ಹೇಳಿದರು. ದೊಡ್ಡ ಭಾಷೆಯ ನೆರಳಲ್ಲಿರುವ ಚಿಕ್ಕ ಭಾಷೆಗೂ ಇದರಲ್ಲಿ ಎಡೆಯಿದೆ ಎಂಬುದು ನಾವು ಗಮನಿಸತಕ್ಕ ಸಂಗತಿ.

ಲ್ಯಾಂಬರ್ಟ್ ಮತ್ತು ಸಂಗಡಿಗರು ಒಳ್ಳೆಯ ಕಿರುಚಿತ್ರಕ್ಕೆ ಏಳು ಅಂಗಗಳನ್ನು ಹೇಳಿದರು. ಹೇಳುವವನ ಸ್ವಂತ ನೋಟ, ಕೇಳುವವನನ್ನು ಕೊನೆಯವರೆಗೆ ಕೂರಿಸುವ ಒಂದು ಪ್ರಶ್ನೆ, ಭಾವ, ಹೇಳುವವನದೇ ದನಿ, ಹಿನ್ನೆಲೆಯ ನಾದ, ಮಿತ, ಗತಿ. ಇವುಗಳಲ್ಲಿ ಒಂದಕ್ಕೂ ದುಬಾರಿ ಯಂತ್ರ ಬೇಕಿಲ್ಲವೆಂಬುದನ್ನು ವಾಚಕರು ನೋಡಬೇಕು.

ಒಬ್ಬ ಕನ್ನಡಿಗರ ಸಾಹಸ

ಅಷ್ಟು ದೂರ ಹೋಗುವುದೇಕೆ? ನಮ್ಮ ಬೀದರಿಗೆ ಹತ್ತಿರ, ಈಗ ತೆಲಂಗಾಣದಲ್ಲಿರುವ ಜಹೀರಾಬಾದಿನ ಬಳಿ ಪಸ್ತಾಪುರವೆಂಬ ಊರಿದೆ. ಅಲ್ಲಿ 1983ರಲ್ಲಿ ‘ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ’ಯನ್ನು ಕಟ್ಟಿದವರಲ್ಲಿ ಪ್ರಮುಖರು ಪಿ. ವಿ. ಸತೀಶರು. ಮೈಸೂರು ಕಡೆಯವರು, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. ಆ ಕೆಲಸ ಬಿಟ್ಟು ತೆಲುಗು ಸೀಮೆಯ ಒಣಭೂಮಿಯ ಬಡ ದಲಿತ ಹೆಣ್ಣುಮಕ್ಕಳ ನಡುವೆ ನೆಲಸಿದರು. 2023ರಲ್ಲಿ ತೀರಿಕೊಳ್ಳುವವರೆಗೂ ಆ ಕಾಯಕವನ್ನು ಬಿಡಲಿಲ್ಲ.

ಸಿರಿಧಾನ್ಯಗಳ ಬಿತ್ತನೆ ಬೀಜ ಉಳಿಸುವುದು ಆ ಹೆಣ್ಣುಮಕ್ಕಳ ಮೊದಲ ಕೆಲಸ. ಅದರ ಜೊತೆಗೆ ಅವರು ವಿಡಿಯೋ ಕ್ಯಾಮರಾವನ್ನೂ ಕೈಗೆ ತೆಗೆದುಕೊಂಡರು. ಹೊಲದಲ್ಲಿ ಕೂಲಿ ಮಾಡುತ್ತಿದ್ದವರು. ಅವರಲ್ಲಿ ಬಹುಮಂದಿಗೆ ಓದುಬರಹ ಇರಲಿಲ್ಲ. ಆದರೂ ವಿದ್ಯೆ ಕೈಗೆ ಹತ್ತಿತು. ಪಾಠದಲ್ಲಿ ಬರುವ ಇಂಗ್ಲಿಷ್ ಹೆಸರುಗಳಿಗೆ ಬದಲು ತಮ್ಮ ಬಾಳಿನಿಂದಲೇ ಹೆಸರುಗಳನ್ನು ಕೊಟ್ಟುಕೊಂಡರು. ಕ್ಯಾಮರಾ ಮೇಲಿನಿಂದ ಕೆಳಕ್ಕೆ ನೋಡಿದರೆ ಅದು ‘ಪಟೇಲನ ಶಾಟ್’, ಏಕೆಂದರೆ ಪಟೇಲನು ಕೂಲಿಯವಳನ್ನು ನೋಡುವುದೇ ಹಾಗೆ. ಕೆಳಗಿನಿಂದ ಮೇಲಕ್ಕೆ ನೋಡಿದರೆ ‘ಜೀತದ ಶಾಟ್’. ಕಣ್ಣಿಗೆ ಕಣ್ಣು ಸಮನಾಗಿ ನೋಡಿದರೆ ‘ಸಂಘಂ ಶಾಟ್’. ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸಮನಾಗಿ ಕೂರುತ್ತಾರಷ್ಟೆ. ಇವರ ಚಿತ್ರಗಳು ಮುಂದೆ ದೇಶವಿದೇಶಗಳಲ್ಲಿ ಪ್ರದರ್ಶನಗೊಂಡವು.

ಕ್ಯಾಮರಾ ಹಿಡಿಯುವ ಎತ್ತರವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ಇನ್ನೊಂದಿರಲಾರದು. ನಮ್ಮ ಮಕ್ಕಳು ಅಜ್ಜಿಯ ಚಿತ್ರ ತೆಗೆಯುವಾಗ ನಿಂತುಕೊಂಡೇ ತೆಗೆದರೆ ಅಜ್ಜಿ ಇನ್ನೂ ಕುಗ್ಗಿದಂತೆ ಕಾಣುತ್ತಾರೆ. ಅವರ ಮುಂದೆ ನೆಲದ ಮೇಲೆ ಕುಳಿತು ತೆಗೆಯಲಿ. ಚಿತ್ರವೂ ಚೆಂದ, ಮರ್ಯಾದೆಯೂ ಉಳಿಯುತ್ತದೆ.

ಯಾವ ಕಥೆ ಹೇಳಬೇಕು?

ವಿಷಯವೇ ಸಿಗುತ್ತಿಲ್ಲವೆಂದು ಮಕ್ಕಳು ಗೋಳಾಡುತ್ತಾರೆ. ವಿಶಾಖಪಟ್ಟಣದ ಹುಡುಗನಾದರೆ ಕಡಲತೀರದ ಜಲಾಂತರ್ಗಾಮಿ ‘ಕುರ್ಸುರ’ದ ಮುಂದೆ ನಿಂತು ನಾಲ್ಕು ಮಾತಾಡಿ ಮುಗಿಸುತ್ತಾನೆ. ವಿಜಯವಾಡದ ಹುಡುಗಿಯಾದರೆ ಪ್ರಕಾಶಂ ಬ್ಯಾರೇಜಿನ ದೀಪಗಳನ್ನು ತೋರಿಸುತ್ತಾಳೆ. ಅವನ್ನು ಎಲ್ಲರೂ ತೋರಿಸಬಲ್ಲರು. ನಮ್ಮ ಮಕ್ಕಳು ಮಾತ್ರ ಹೇಳಬಲ್ಲ ಕಥೆ ಯಾವುದೆಂಬುದನ್ನು ಹುಡುಕಬೇಕು.

ಆ ಬ್ಯಾರೇಜನ್ನೇ ತೆಗೆದುಕೊಳ್ಳಿ. ಅಲ್ಲಿ 1855ರಲ್ಲಿ ಮುಗಿದ ಹಳೆಯ ಆಣೆಕಟ್ಟಿತ್ತು. ಈಗಿನ ಬ್ಯಾರೇಜು ಬಳಕೆಗೆ ಬಂದದ್ದು 1957ರಲ್ಲಿ. ಇದನ್ನು ಯಾರಾದರೂ ಹೇಳಿಯಾರು. ಆದರೆ ಆ ನೀರು ಎಲ್ಲಿಂದ ಬಂತು? ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಗಳನ್ನು ಹಾದು, ಆಲಮಟ್ಟಿಯಲ್ಲಿ ನಿಂತು, ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು ಬರುತ್ತಾಳೆ. ಮುಂದೆ ತುಂಗಭದ್ರೆಯೂ ಅವಳನ್ನು ಸೇರುತ್ತಾಳೆ. ಎಂದರೆ ಶಿವಮೊಗ್ಗೆಯಿಂದ ಬಂದ ಮನೆಯವರಿಗೂ, ಬಾಗಲಕೋಟೆಯಿಂದ ಬಂದ ಮನೆಯವರಿಗೂ ವಿಜಯವಾಡದ ಘಟ್ಟದಲ್ಲಿ ಕಾಲಿಗೆ ತಗಲುವುದು ತವರಿನ ನೀರೇ. ‘ನಮ್ಮ ಅಜ್ಜಿಯ ಊರಿನ ನೀರು ನಮಗಿಂತ ಮೊದಲೇ ಇಲ್ಲಿಗೆ ಬಂದಿತ್ತು’ ಎಂದು ಮಗು ಹೇಳಿದರೆ, ಅದು ಬೇರೆ ಯಾರೂ ಹೇಳಲಾರದ ಮಾತು.

ಅಡುಗೆಮನೆಯಲ್ಲೂ ಕಥೆಯಿದೆ. ಇಲ್ಲಿಯ ಗೋಂಗೂರವೇ ಉತ್ತರ ಕರ್ನಾಟಕದವರ ಪುಂಡಿ ಪಲ್ಯೆ. ಯುಗಾದಿ ಎರಡೂ ನಾಡಿಗೆ ಒಂದೇ ದಿನ. ನಮ್ಮಲ್ಲಿ ಬೇವು ಬೆಲ್ಲ, ನೆರೆಮನೆಯಲ್ಲಿ ಆರು ರುಚಿಯ ಪಚ್ಚಡಿ. ತೆಲುಗಿನವರ ‘ಪಾಲು’ ನಮಗೆ ‘ಹಾಲು’. ಅವರ ‘ಪುಲಿ’ ನಮ್ಮ ‘ಹುಲಿ’. ಅವರ ‘ಪೆಸರು’ ನಮ್ಮ ‘ಹೆಸರು’ ಕಾಳು. ಹಳಗನ್ನಡದಲ್ಲಿ ನಾವೂ ಪಕಾರವನ್ನೇ ಆಡುತ್ತಿದ್ದೆವು. ಕಾಲಕ್ರಮದಲ್ಲಿ ಅದು ಹಕಾರವಾಯಿತು. ಬೆಳಿಗ್ಗೆ ಹಾಲು ಹಾಕಲು ಬಂದವರು ‘ಪಾಲು’ ಎಂದು ಕೂಗುವುದು, ಅಮ್ಮ ಒಳಗಿನಿಂದ ‘ಹಾಲು ಬಂತು’ ಎನ್ನುವುದು, ಇಷ್ಟರಿಂದಲೇ ಎರಡು ನಿಮಿಷದ ಸೊಗಸಾದ ಚಿತ್ರವಾಗುತ್ತದೆ.

ಚರಿತ್ರೆ ಬೇಕೆನ್ನುವ ದೊಡ್ಡ ಮಕ್ಕಳಿಗೂ ಕೊರತೆಯಿಲ್ಲ. ಕ್ರಿ. ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಆದಿಕವಿ ಪಂಪನ ಪೂರ್ವಿಕರು ವೆಂಗಿ ನಾಡಿನವರು. ಆ ವೆಂಗಿಯ ರಾಜಧಾನಿ ಈಗ ಏಲೂರಿನ ಹತ್ತಿರದ ಪೆದವೇಗಿ. ವಿಜಯವಾಡದಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ಕಳಿಂಗದ ದಂಡಯಾತ್ರೆಯ ಕಾಲದಲ್ಲಿ ಕೃಷ್ಣದೇವರಾಯನು ಸಿಂಹಾಚಲದ ಸ್ವಾಮಿಯ ದರ್ಶನ ಮಾಡಿದ್ದಕ್ಕೆ ಅಲ್ಲಿಯ ಶಾಸನವೇ ಸಾಕ್ಷಿ. ನಾವು ಈ ಸೀಮೆಗೆ ಬಂದವರಲ್ಲಿ ಮೊದಲಿಗರಲ್ಲ. ಇಲ್ಲಿಂದ ಅಲ್ಲಿಗೆ ಹೋದವರೂ ಉಂಟು.

ಮಾಡುವ ಕ್ರಮ

ಮೊದಲು ಕಥೆ, ಆಮೇಲೆ ಕ್ಯಾಮರಾ. ಇದನ್ನು ತಲೆಕೆಳಗು ಮಾಡಿದವರ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಮಗು ತನ್ನ ಕಥೆಯನ್ನು ಮನೆಯವರ ಮುಂದೆ ಒಮ್ಮೆ ಬಾಯಲ್ಲಿ ಹೇಳಲಿ. ಎಲ್ಲಿ ಎಲ್ಲರ ಕಿವಿ ನೆಟ್ಟಗಾಯಿತೋ ಅಲ್ಲಿ ಕಥೆಯಿದೆ. ಎಲ್ಲಿ ಆಕಳಿಕೆ ಬಂತೋ ಅದನ್ನು ಬಿಡಬೇಕು. ಅನಂತರ ಬರೆದುಕೊಳ್ಳಲಿ. ಕನ್ನಡ ಬರೆಯಲು ಬಾರದ ಮಗು ತೆಲುಗು ಅಕ್ಷರದಲ್ಲೇ ಕನ್ನಡ ಮಾತನ್ನು ಬರೆದುಕೊಂಡರೆ ದೋಷವೇನೂ ಇಲ್ಲ. ಎರಡೂ ಒಂದೇ ತಾಯಿಯ ಲಿಪಿಗಳು. ಆ ಪಕ್ಕದಲ್ಲಿ ನಮ್ಮ ಅಕ್ಷರವನ್ನು ಬರೆದು ತೋರಿಸಿದರೆ ಒಂದು ಚಿತ್ರ ಮುಗಿಯುವುದರೊಳಗೆ ಅರ್ಧ ವರ್ಣಮಾಲೆ ಬಂದಿರುತ್ತದೆ. ಬರೆದದ್ದನ್ನು ಗಡಿಯಾರ ನೋಡಿಕೊಂಡು ಗಟ್ಟಿಯಾಗಿ ಓದಿಸಿ. ಮೂರು ನಿಮಿಷ ಮೀರಿದರೆ ಕತ್ತರಿಸಬೇಕು.

ಮುಂದೆ ದನಿ. ನೋಡುವವರು ಮಸುಕಾದ ಚಿತ್ರವನ್ನು ಸಹಿಸಿಕೊಂಡಾರು, ಕೇಳಿಸದ ಮಾತನ್ನು ಸಹಿಸಲಾರರು. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಬಟ್ಟೆ ತುಂಬಿದ ಬೀರುವಿನ ಎದುರಿಗೋ ಹಾಸಿಗೆಯಿರುವ ಕೋಣೆಯಲ್ಲೋ ಕುಳಿತು, ಮೊಬೈಲನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಮಾತಾಡಿಸಿ. ಬಟ್ಟೆಬರೆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ.

ಆಮೇಲೆ ಚಿತ್ರಗಳು. ಹತ್ತಿಪ್ಪತ್ತು ಸಾಕು. ಹಳೆಯ ಆಲ್ಬಮ್ಮಿನ ಫೋಟೋಗಳನ್ನು ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲಾಷ್ ಇಲ್ಲದೆ ತೆಗೆಯಬೇಕು. ಫ್ಲಾಷ್ ಬಿದ್ದರೆ ಮುಖದ ಮೇಲೆ ಬಿಳಿ ಮಚ್ಚೆ ಬರುತ್ತದೆ. ಚಲಿಸುವ ಚಿತ್ರ ತೆಗೆಯುವಾಗ ಮೊಬೈಲು ಅಡ್ಡಲಾಗಿರಲಿ, ಕೈ ಅಲುಗದಿರಲಿ. ಮುಖಕ್ಕಿಂತ ಕೈಗಳು ಹೆಚ್ಚು ಕಥೆ ಹೇಳುವುದುಂಟು: ರಂಗೋಲಿ ಎಳೆಯುವ ಬೆರಳು, ದೋಸೆ ಎರೆಯುವ ಸೌಟು, ಕಾಗದದ ಮಡಿಕೆ ಬಿಚ್ಚುವ ತಾತನ ಕೈ.

ಜೋಡಿಸುವುದಕ್ಕೆ ಕಂಪ್ಯೂಟರಿನಲ್ಲಿ ಓಪನ್‌ಶಾಟ್, ಶಾಟ್‌ಕಟ್ ಮೊದಲಾದ ಉಚಿತ ತಂತ್ರಾಂಶಗಳಿವೆ. ಮೊದಲು ದನಿಯನ್ನು ಹಾಸಿ, ಅದರ ಮೇಲೆ ಚಿತ್ರಗಳನ್ನು ಪೋಣಿಸಬೇಕು. ಸಿನಿಮಾ ಹಾಡು ಹಾಕಬಾರದು. ಅದರ ಹಕ್ಕು ಬೇರೆಯವರದು, ಮೇಲಾಗಿ ಹಾಡು ಬಂದ ಕೂಡಲೇ ಅಜ್ಜಿಯ ಮಾತು ಮರೆಗೆ ಸರಿಯುತ್ತದೆ. ಕಡಲಿನ ಮೊರೆತ, ದೇವಸ್ಥಾನದ ಗಂಟೆ, ಕುಕ್ಕರಿನ ಸಿಳ್ಳು, ಇವನ್ನು ನೀವೇ ಹಿಡಿದಿಡಿ. ಕೆಳಗೆ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಅಕ್ಷರಗಳನ್ನು ಕೊಟ್ಟರೆ ತರಗತಿಯ ಗೆಳೆಯರಿಗೂ ಅರ್ಥವಾಗುತ್ತದೆ. ಮಗು ಕನ್ನಡವನ್ನು ಬಿಡಬೇಕಾದದ್ದೂ ಇಲ್ಲ.

ಎಚ್ಚರದ ಮಾತು

ವಿಶಾಖಪಟ್ಟಣವು ಪೂರ್ವ ನೌಕಾಪಡೆಯ ಕೇಂದ್ರ. ನೌಕಾನೆಲೆ, ಬಂದರು, ಕಾರ್ಖಾನೆಗಳ ಸುತ್ತ ಚಿತ್ರ ತೆಗೆಯಬಾರದೆಂಬ ಫಲಕವಿರುವಲ್ಲಿ ಮೊಬೈಲು ಜೇಬಿನಲ್ಲೇ ಇರಲಿ.

ಇದಕ್ಕಿಂತ ಸೂಕ್ಷ್ಮವಾದದ್ದು ಮನೆಯೊಳಗಿನ ವಿಷಯ. ಹಿರಿಯರು ಬಾಯಿಬಿಟ್ಟು ಹೇಳತೊಡಗಿದರೆ ಸಾಲ, ಜಗಳ, ಸತ್ತ ಮಗು, ಬಿಟ್ಟುಬಂದ ಹೊಲ ಎಲ್ಲವೂ ಹೊರಗೆ ಬರುತ್ತವೆ. ಮೊಮ್ಮಗನಿಗೆ ಹೇಳಿದ್ದನ್ನು ಊರಿಗೆಲ್ಲ ಹೇಳಿದಂತಾಗಬಾರದು. ಚಿತ್ರ ಮುಗಿದ ಮೇಲೆ ಮೊದಲು ಅವರಿಗೇ ತೋರಿಸಿ, ‘ಇದನ್ನು ಶಾಲೆಯಲ್ಲಿ ತೋರಿಸಬಹುದೇ? ಇಂಟರ್‌ನೆಟ್ಟಿಗೆ ಹಾಕಬಹುದೇ?’ ಎಂದು ಎರಡು ಪ್ರಶ್ನೆಗಳನ್ನೂ ಬೇರೆಬೇರೆಯಾಗಿ ಕೇಳಬೇಕು. ಬೇಡವೆಂದರೆ ಬೇಡ. ಆ ಪ್ರತಿ ಮನೆಯಲ್ಲೇ ಇರಲಿ.

ತಂದೆತಾಯಂದಿರಿಗೂ ಒಂದು ಮಾತು. ಮಗುವಿನ ಪರವಾಗಿ ನೀವೇ ಬರೆದುಕೊಡಬೇಡಿ. ಅದರ ಕನ್ನಡದಲ್ಲಿ ತೆಲುಗು ಬೆರೆತರೆ, ‘ಅಜ್ಜಿ’ ಎನ್ನುವಲ್ಲಿ ‘ಅಮ್ಮಮ್ಮ’ ಎಂದರೆ, ನಡುವೆ ಬಾಯಿ ಹಾಕಿ ತಿದ್ದಬೇಡಿ. ಹತ್ತು ಸಲ ತಿದ್ದಿಸಿಕೊಂಡ ಮಗು ಹನ್ನೊಂದನೆಯ ಸಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತದೆ. ವಿಶಾಖಪಟ್ಟಣದಲ್ಲಿ ಬೆಳೆದ ಮಗುವಿನ ಕನ್ನಡಕ್ಕೆ ವಿಶಾಖಪಟ್ಟಣದ ವಾಸನೆ ಇರುವುದು ಸಹಜವೇ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇರುವಂತೆ ಇದೂ ಒಂದು ಕನ್ನಡವೆಂದು ತಿಳಿಯೋಣ.

ನಮ್ಮ ಮನೆಗಳಲ್ಲಿ ಫೋಟೋಗಳಿಗೆ ಕೊರತೆಯಿಲ್ಲ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಹಿರಿಯರು ಸಾಲಾಗಿ ಕುಳಿತಿದ್ದಾರೆ. ಆದರೆ ಅವರಲ್ಲಿ ಎಷ್ಟು ಮಂದಿಯ ದನಿ ನಮ್ಮ ಬಳಿ ಇದೆ? ತಾತ ಯಾವ ಗಾಡಿ ಹತ್ತಿ, ಯಾರ ಕಾಗದ ನಂಬಿ ಈ ಊರಿಗೆ ಬಂದರು, ಮೊದಲ ರಾತ್ರಿ ಎಲ್ಲಿ ಮಲಗಿದರು, ಭಾಷೆ ಬಾರದ ಅಜ್ಜಿಗೆ ನೆರೆಮನೆಯ ತೆಲುಗು ಅಮ್ಮ ಮೊದಲು ಕಲಿಸಿದ ಮಾತು ಯಾವುದು, ಇದನ್ನೆಲ್ಲ ಬಲ್ಲವರು ಇಂದು ಮನೆಯ ಮೂಲೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದಾರೆ. ಶಾಲೆಯವರು ಹೇಳಿ ಕಳುಹಿಸಲಿ, ಕಳುಹಿಸದಿರಲಿ, ಮುಂದಿನ ಭಾನುವಾರ ಫ್ಯಾನು ಆರಿಸಿ, ಮಗುವನ್ನು ಅವರ ಎದುರಿಗೆ ಕೂರಿಸಿರಿ. ಚಿತ್ರ ಚೆನ್ನಾಗಿ ಬಂದರೆ ಸಂಘದ ಯುಗಾದಿ ಕೂಟದಲ್ಲಿ ಎಲ್ಲರೂ ಕೂಡಿ ನೋಡೋಣ. ಚೆನ್ನಾಗಿ ಬಾರದಿದ್ದರೂ ದನಿಯಂತೂ ಉಳಿದಿರುತ್ತದೆ.